ವಾರ್ಡ್ ಚುನಾವಣೆಗೆ ಕ್ಯೂಆರ್ ಕೋಡ್ ಸಾಕೇ? ಅಂತರ್ಜಾಲ ಕಾಲದ ಪ್ರಚಾರ ಮತ್ತು ದೇಣಿಗೆ ಕುರಿತು ಚರ್ಚೆ

ಹನುಮಂತನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ನಿವಾಸಿಗಳ ಸಂಘದೊಳಗೆ ಕೆಲವು ಸಮಯದಿಂದ ನಡೆಯುತ್ತಿರುವ ವಾದವೊಂದನ್ನು ತಿಳಿದವರ ಮುಂದಿಡುತ್ತಿದ್ದೇನೆ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವಾರ್ಡಿನಲ್ಲಿ ಹೇಳುವವರು ಕೇಳುವವರು ಇಲ್ಲದೆ ವರ್ಷಗಳೇ ಕಳೆದವು. ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾಗಿರುವುದರಿಂದ, ಅವುಗಳ ಚುನಾವಣೆಗೆ ನಮ್ಮವರೇ ಒಬ್ಬರನ್ನು ಪಕ್ಷೇತರರಾಗಿ ನಿಲ್ಲಿಸಬೇಕೆಂಬ ಉತ್ಸಾಹ ಸಂಘದ ಕಿರಿಯರಲ್ಲಿದೆ. ಖರ್ಚಿನ ಮಾತು ಬಂದಾಗ ಅವರು ಹೇಳುವುದಿಷ್ಟು: ಒಂದು ಕ್ಯೂಆರ್ ಕೋಡ್ ಹಾಕಿದರೆ ಮನೆಗೆ ನೂರಿನ್ನೂರು ರೂಪಾಯಿ ಬಂದೇ ಬರುತ್ತದೆ, ಪ್ರಚಾರಕ್ಕೆ ವಾಟ್ಸ್‌ಆ್ಯಪ್ ಇದೆ, ಒಬಾಮಾ ಗೆದ್ದದ್ದು ಹಾಗೆಯೇ, ದೆಹಲಿಯಲ್ಲಿ ಆಮ್ ಆದ್ಮಿ ಪಕ್ಷ ಗೆದ್ದದ್ದೂ ಹಾಗೆಯೇ. ಹಿರಿಯರು ಇದನ್ನು ನಂಬಲು ಸಿದ್ಧರಿಲ್ಲ. ಅಂತರ್ಜಾಲವು ಚುನಾವಣೆಯ ಹಣವನ್ನೂ ಪ್ರಚಾರವನ್ನೂ ನಿಜಕ್ಕೂ ಎಷ್ಟು ಬದಲಿಸಿದೆ, ನಮ್ಮಂಥ ಚಿಕ್ಕ ಪ್ರಯತ್ನಕ್ಕೆ ಅದರಲ್ಲಿ ದಕ್ಕುವುದೆಷ್ಟು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಬನಶಂಕರಿ ಮೂರನೇ ಹಂತ

ನಾನು ಹಲವು ವರ್ಷ ಅಮೆರಿಕದಲ್ಲಿ ಕೆಲಸ ಮಾಡಿ ಬಂದವನಾದ್ದರಿಂದ ಮೊದಲು ಅಲ್ಲಿನ ಕಥೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಒಬಾಮಾ ಹೆಸರನ್ನು ಹೇಳುವವರು ಆ ಕಥೆಯ ಕೊನೆಯ ಅಧ್ಯಾಯವನ್ನು ಮಾತ್ರ ಓದಿರುತ್ತಾರೆ. ಅಲ್ಲಿ ಮೊದಲು ಬದಲಾದದ್ದು ತಂತ್ರಜ್ಞಾನವಲ್ಲ, ನಿಯಮ. ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳು ಜನರಿಂದ ಪಡೆದ ಪ್ರತಿ ದೇಣಿಗೆಯಲ್ಲಿ ಮೊದಲ 250 ಡಾಲರ್‌ವರೆಗಿನ ಮೊತ್ತಕ್ಕೆ ಅಷ್ಟೇ ಹಣವನ್ನು ಸರ್ಕಾರ ಸೇರಿಸಿಕೊಡುವ ಪದ್ಧತಿ ಅಲ್ಲಿ ಇತ್ತು. ಅಂತರ್ಜಾಲದಲ್ಲಿ ಕ್ರೆಡಿಟ್ ಕಾರ್ಡ್ ಮೂಲಕ ಬಂದ ದೇಣಿಗೆಗೂ ಇದು ಅನ್ವಯಿಸುತ್ತದೆಯೇ ಎಂದು ಅಂಥ ಆಕಾಂಕ್ಷಿಗಳಲ್ಲಿ ಒಬ್ಬರಾದ ಬಿಲ್ ಬ್ರಾಡ್ಲಿ ಅವರ ತಂಡ ಕೇಳಿದಾಗ, ಅಲ್ಲಿನ ಚುನಾವಣಾ ಆಯೋಗ 1999ರಲ್ಲಿ ಒಪ್ಪಿಗೆ ನೀಡಿತು. ಮರುವರ್ಷ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸ್ಪರ್ಧೆಯಲ್ಲಿ ಅನಿರೀಕ್ಷಿತವಾಗಿ ಗೆದ್ದ ಜಾನ್ ಮೆಕೇನ್ ಅವರಿಗೆ ಕೆಲವೇ ದಿನಗಳಲ್ಲಿ ಅಂತರ್ಜಾಲದ ಮೂಲಕ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಹಣ ಬಂತು. ಅಂಚೆಯಲ್ಲಿ ಮನವಿ ಕಳುಹಿಸಿ ಚೆಕ್ಕಿಗಾಗಿ ಕಾಯುತ್ತಿದ್ದ ಕಾಲದಲ್ಲಿ, ಒಂದು ರಾತ್ರಿಯ ಗೆಲುವಿನ ಬಿಸಿ ಆರುವ ಮೊದಲೇ ಅದನ್ನು ಹಣವನ್ನಾಗಿ ಮಾಡಿಕೊಳ್ಳಬಹುದು ಎಂಬುದು ಎಲ್ಲರಿಗೂ ಹೊಸದಾಗಿತ್ತು.

ಆದರೆ ಇದರ ಒಳಗುಟ್ಟು ಹೊರಬಿದ್ದದ್ದು 2003ರಲ್ಲಿ, ವರ್ಮಾಂಟ್ ರಾಜ್ಯದ ಮಾಜಿ ಗವರ್ನರ್ ಹೋವರ್ಡ್ ಡೀನ್ ಅವರು ಅಧ್ಯಕ್ಷ ಸ್ಥಾನಕ್ಕಾಗಿ ನಡೆಸಿದ ಪ್ರಯತ್ನದಲ್ಲಿ. ಉಪಾಧ್ಯಕ್ಷ ಡಿಕ್ ಚೇನಿ ಅವರು ಎಲೆಯೊಂದಕ್ಕೆ 2,000 ಡಾಲರ್‌ನಂತೆ ಔತಣಕೂಟ ಏರ್ಪಡಿಸಿದಾಗ, ಡೀನ್ ಕಂಪ್ಯೂಟರ್ ಮುಂದೆ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಾ ಬೆಂಬಲಿಗರನ್ನೂ ತಮ್ಮ ಜೊತೆ ಊಟಕ್ಕೆ ಕರೆದರು. ಆ ಊಟಕ್ಕೆ ಬಂದ ಚಿಲ್ಲರೆ ದೇಣಿಗೆಗಳ ಮೊತ್ತ ಚೇನಿ ಅವರ ಔತಣದ ಮೊತ್ತವನ್ನು ಮೀರಿಸಿತು. ಆ ವರ್ಷದ ಒಂದೇ ತ್ರೈಮಾಸಿಕದಲ್ಲಿ ಅವರು ಸುಮಾರು 1.48 ಕೋಟಿ ಡಾಲರ್ ಸಂಗ್ರಹಿಸಿದರು. ಆಗ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾಗಿದ್ದ ಗರಿಷ್ಠ ಮೊತ್ತ 2,000 ಡಾಲರ್. ಅಷ್ಟನ್ನೂ ಒಮ್ಮೆಲೇ ಕೊಟ್ಟ ಶ್ರೀಮಂತನನ್ನು ಮತ್ತೆ ಕೇಳುವಂತಿರಲಿಲ್ಲ. 25 ಡಾಲರ್ ಕೊಟ್ಟ ಶಿಕ್ಷಕಿಯನ್ನು ಮುಂದಿನ ತಿಂಗಳೂ ಅದರ ಮುಂದಿನ ತಿಂಗಳೂ ಕೇಳಬಹುದಿತ್ತು, ಮಾತ್ರವಲ್ಲ, ಆಕೆ ಆ ಹೊತ್ತಿಗೆ ತನ್ನ ಊರಿನಲ್ಲಿ ಡೀನ್ ಪರವಾಗಿ ಸಭೆಯನ್ನೂ ಕರೆದಿರುತ್ತಿದ್ದಳು. 2008ರಲ್ಲಿ ಒಬಾಮಾ ಅಂತರ್ಜಾಲದಿಂದಲೇ ಸುಮಾರು 50 ಕೋಟಿ ಡಾಲರ್ ಎತ್ತಿದ್ದು, ಸಾರ್ವತ್ರಿಕ ಚುನಾವಣೆಗೆ ಸರ್ಕಾರಿ ಧನಸಹಾಯವನ್ನೇ ನಿರಾಕರಿಸಿದ್ದು, ಸುಮಾರು 1.3 ಕೋಟಿ ಇಮೇಲ್ ವಿಳಾಸಗಳನ್ನು ಕೂಡಿಹಾಕಿದ್ದು ಈ ತಿಳಿವಳಿಕೆಯ ವಿಸ್ತರಣೆ ಅಷ್ಟೇ.

ಒಂದು ವಿಷಯವನ್ನು ಮಾತ್ರ ನಿಮ್ಮ ಕಿರಿಯರಿಗೆ ಹೇಳಿ. ಇಷ್ಟೆಲ್ಲ ಹಣ ಎತ್ತಿದ ಡೀನ್, 2004ರ ಜನವರಿಯಲ್ಲಿ ಅಯೋವಾದ ಮೊದಲ ಸ್ಪರ್ಧೆಯಲ್ಲಿಯೇ ಮೂರನೇ ಸ್ಥಾನಕ್ಕೆ ಇಳಿದರು.

ಹಳೇ ಕಾರ್ಯಕರ್ತ

ಬನಶಂಕರಿಯವರು ಹೇಳಿದ ಕೊನೆಯ ವಾಕ್ಯಕ್ಕೆ ನಮ್ಮೂರಿನದೇ ಉದಾಹರಣೆಯಿದೆ. 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ನಂದನ್ ನಿಲೇಕಣಿ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿದ್ದರು. ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರು, ಆಧಾರ್ ರೂಪಿಸಿದವರು. ಅವರಿಗಿಂತ ಹೆಚ್ಚು ತಂತ್ರಜ್ಞಾನ ಬಲ್ಲ ಅಭ್ಯರ್ಥಿ ಈ ದೇಶದಲ್ಲಿ ಸಿಗಲಾರರು. ಅನಂತಕುಮಾರ್ ಅವರೆದುರು ಸುಮಾರು 2.28 ಲಕ್ಷ ಮತಗಳಿಂದ ಸೋತರು. ಆ ವರ್ಷ ದೇಶದಾದ್ಯಂತ ಗಾಳಿ ಬೇರೆಯಾಗಿತ್ತು ಎಂಬುದನ್ನು ಒಪ್ಪುತ್ತೇನೆ, ಆದರೂ ಬೂತಿನಲ್ಲಿ ಕೂರುವ ಮನುಷ್ಯನ ಕೆಲಸವನ್ನು ಪರದೆಯ ಮೇಲಿನ ಅಂಕಿ ಅಂಶ ಮಾಡಿಕೊಡುವುದಿಲ್ಲ ಎಂಬ ನನ್ನ ನಂಬಿಕೆ ಅಂದಿನಿಂದ ಗಟ್ಟಿಯಾಗಿದೆ.

ನಮ್ಮಲ್ಲಿ ತಂತ್ರಜ್ಞಾನ ಮೊದಲು ಬಂದದ್ದು ಹಣ ಕೇಳುವುದಕ್ಕಲ್ಲ, ಮಾತು ಹೇಳುವುದಕ್ಕೆ. 2004ರಲ್ಲಿ ವಾಜಪೇಯಿ ಅವರ ಧ್ವನಿಮುದ್ರಿತ ಕರೆ ಫೋನಿನಲ್ಲಿ ಬಂದಾಗ ನನ್ನ ಪರಿಚಯದ ಹಿರಿಯರೊಬ್ಬರು ಎದ್ದು ನಿಂತು ಮಾತನಾಡಿದ್ದರು. 2009ರಲ್ಲಿ ಅಡ್ವಾಣಿ ಅವರು ಬ್ಲಾಗ್ ಬರೆದರು. ಎರಡೂ ಸಲ ಸೋಲೇ ಆಯಿತು. 2014ರ ಹೊತ್ತಿಗೆ ಮೊಬೈಲ್ ಫೋನು ಎಲ್ಲರ ಕೈಗೆ ಬಂದಿದ್ದರಿಂದ ಲೆಕ್ಕ ಬದಲಾಯಿತು. ಒಂದು ಮಿಸ್ಡ್ ಕಾಲ್ ಕೊಟ್ಟವರ ಸಂಖ್ಯೆ ಪಕ್ಷದ ಪಟ್ಟಿಯಲ್ಲಿ ಶಾಶ್ವತವಾಗಿ ಉಳಿಯಿತು. ಮಿಸ್ಡ್ ಕಾಲಿಗೆ ದುಡ್ಡು ಖರ್ಚಾಗುವುದಿಲ್ಲ, ಅಮೆರಿಕದ ಇಮೇಲ್‌ಗಿಂತ ನಮ್ಮ ಜನಕ್ಕೆ ಅದು ಹತ್ತಿರವಾದದ್ದು ಅದಕ್ಕಾಗಿಯೇ.

ದೆಹಲಿಯ ವಿಷಯದಲ್ಲಿ ಒಂದು ತಿದ್ದುಪಡಿ: 2013ರಲ್ಲಿ ಆಮ್ ಆದ್ಮಿ ಪಕ್ಷಕ್ಕೆ ಬಂದದ್ದು 70ರಲ್ಲಿ 28 ಸ್ಥಾನ, ಸರ್ಕಾರ ನಡೆದದ್ದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದ. ಆದರೆ ದೇಣಿಗೆಯ ಮಟ್ಟಿಗೆ ಅವರು ಮಾಡಿದ್ದು ದೊಡ್ಡದು. ಕೊಟ್ಟವರ ಹೆಸರನ್ನು ಜಾಲತಾಣದಲ್ಲಿ ಹಾಕಿದರು, 20 ಕೋಟಿ ರೂಪಾಯಿ ಗುರಿ ಮುಟ್ಟಿದ ಮೇಲೆ ಇನ್ನು ಸಾಕು ಎಂದರು. ಸಾಕು ಎಂದ ಪಕ್ಷವನ್ನು ನಾನು ಮತ್ತೆ ನೋಡಿಲ್ಲ. ಆ ಪಟ್ಟಿಯೂ ಮುಂದೆ ಜಾಲತಾಣದಿಂದ ಇಳಿದುಹೋಯಿತು.

ಲೆಕ್ಕಪತ್ರ

ವೃತ್ತಿಯಿಂದ ಲೆಕ್ಕಪರಿಶೋಧಕನಾಗಿರುವುದರಿಂದ ಹಣದ ಕಡೆಯಿಂದಲೇ ಮಾತನಾಡುತ್ತೇನೆ. ಅಮೆರಿಕದಲ್ಲಿ ಚಿಲ್ಲರೆ ದೇಣಿಗೆ ಬೆಳೆದದ್ದಕ್ಕೆ ಕಾರಣ ಅಂತರ್ಜಾಲವೊಂದೇ ಅಲ್ಲ, ಒಬ್ಬ ವ್ಯಕ್ತಿ ಇಷ್ಟೇ ಕೊಡಬೇಕೆಂಬ ಮಿತಿಯೂ ಹೌದು. ನಮ್ಮಲ್ಲಿ ಪರಿಸ್ಥಿತಿ ತಲೆಕೆಳಗಾಗಿದೆ. ಇಲ್ಲಿ ಅಭ್ಯರ್ಥಿಯ ಖರ್ಚಿಗೆ ಮಿತಿಯಿದೆ, 2022ರಿಂದ ಕರ್ನಾಟಕದಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ; ಪಕ್ಷದ ಖರ್ಚಿಗೆ ಮಿತಿಯಿಲ್ಲ, ಒಬ್ಬ ನಾಗರಿಕ ಪಕ್ಷಕ್ಕೆ ಎಷ್ಟು ಕೊಡಬಹುದೆಂಬುದಕ್ಕೂ ಮಿತಿಯಿಲ್ಲ. ದೊಡ್ಡ ಕೈಯೊಂದು ಕೋಟಿಗಟ್ಟಲೆ ಕೊಡಲು ಸಿದ್ಧವಿರುವಾಗ ಲಕ್ಷ ಜನರ ಮುಂದೆ ಕೈಚಾಚುವ ಶ್ರಮವನ್ನು ಯಾವ ಪಕ್ಷ ಮನಃಪೂರ್ವಕವಾಗಿ ಪಡುತ್ತದೆ?

ಬ್ಯಾಂಕಿನಲ್ಲಿ ಕೊಂಡು ಪಕ್ಷಗಳಿಗೆ ಕೊಡಬಹುದಾಗಿದ್ದ ಚುನಾವಣಾ ಬಾಂಡ್‌ಗಳ ಅನುಭವವೇ ಇದಕ್ಕೆ ಸಾಕ್ಷಿ. ಅವು 1,000 ರೂಪಾಯಿಯಿಂದ 1 ಕೋಟಿಯವರೆಗೆ ಐದು ಮುಖಬೆಲೆಗಳಲ್ಲಿ ಸಿಗುತ್ತಿದ್ದವು; ಸಾಮಾನ್ಯನೂ ಕೊಳ್ಳಲಿ ಎಂಬಂತೆ 1,000 ರೂಪಾಯಿಯ ಬಾಂಡ್ ಇಟ್ಟಿದ್ದರು. ಮೌಲ್ಯದ ಲೆಕ್ಕದಲ್ಲಿ ಶೇ 90ಕ್ಕೂ ಹೆಚ್ಚು ಮಾರಾಟವಾದದ್ದು 1 ಕೋಟಿಯ ಬಾಂಡ್‌ಗಳೇ. 2018ರಿಂದ ಒಟ್ಟು 16,000 ಕೋಟಿ ರೂಪಾಯಿಗೂ ಹೆಚ್ಚು ಮೊತ್ತ ಹೀಗೆ ಹರಿದ ಮೇಲೆ, 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ಅಸಾಂವಿಧಾನಿಕವೆಂದು ರದ್ದುಮಾಡಿತು. ಯುಪಿಐ ಬಂದದ್ದು 2016ರಲ್ಲಿ, ಬಾಂಡ್ ಬಂದದ್ದು 2018ರಲ್ಲಿ ಎಂಬುದನ್ನು ಗಮನಿಸಿ. ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪಿಗೂ ಹೆಸರು ಸಮೇತ ದಾಖಲೆ ಉಳಿಯುವ ವ್ಯವಸ್ಥೆ ದೇಶಕ್ಕೆ ಸಿಕ್ಕ ಎರಡೇ ವರ್ಷದಲ್ಲಿ, ಕೋಟಿ ಕೊಟ್ಟವನ ಹೆಸರು ಮತದಾರನಿಗೆ ಕಾಣದಂತೆ ಮಾಡುವ ವ್ಯವಸ್ಥೆಯೂ ಬಂತು. ನನ್ನ ದೃಷ್ಟಿಯಲ್ಲಿ ಈ ಚರ್ಚೆಯ ತಿರುಳು ಇದೇ: ಹಣ ಕಳುಹಿಸುವುದು ಸುಲಭವಾಗಿದೆ, ಹಣದ ಹಿಂದಿರುವ ಹೆಸರನ್ನು ನೋಡುವುದು ಸುಲಭವಾಗಿಲ್ಲ.

ಯಶವಂತಪುರ ಲೋಕೇಶ

ಬಾಂಡ್‌ಗಳ ಪಟ್ಟಿ ಕೊನೆಗೆ ಹೊರಬಂದದ್ದೂ ಅಂತರ್ಜಾಲದಲ್ಲೇ ಅಲ್ಲವೇ? 2024ರ ಮಾರ್ಚ್‌ನಲ್ಲಿ ಚುನಾವಣಾ ಆಯೋಗ ತನ್ನ ಜಾಲತಾಣದಲ್ಲಿ ಹಾಕಿದ ಕೊಂಡವರ ಪಟ್ಟಿಯನ್ನೂ ಪಡೆದವರ ಪಟ್ಟಿಯನ್ನೂ ಬಾಂಡ್ ಸಂಖ್ಯೆಯ ಆಧಾರದ ಮೇಲೆ ಜನರೇ ಹೊಂದಿಸಿ ನೋಡಿದರು.

ಲೆಕ್ಕಪತ್ರ

ನಿಜ, ಆದರೆ ಅದು ನ್ಯಾಯಾಲಯ ಬಾಗಿಲು ತೆರೆಸಿದ ಮೇಲಿನ ಮಾತು.

ಬಳೇಪೇಟೆ ಮುದ್ರಕ

ನಮ್ಮ ಮನೆತನದ ಕಸುಬು ಮುದ್ರಣ. ಚುನಾವಣೆ ಬಂತೆಂದರೆ ಕರಪತ್ರ, ಭಿತ್ತಿಪತ್ರ, ಬಂಟಿಂಗ್ಸ್, ಮತದಾರರ ಚೀಟಿ ಎಂದು ರಾತ್ರಿಯಿಡೀ ಯಂತ್ರ ಓಡುತ್ತಿತ್ತು. ಈಗಲೂ ಕೆಲಸ ಬರುತ್ತದೆ, ಮೊದಲಿನಷ್ಟಲ್ಲ. ಗೋಡೆಗಳ ಮೇಲೆ ಅಂಟಿಸುವುದಕ್ಕೆ 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಮೊದಲೇ ಇತ್ತು. 2018ರಲ್ಲಿ ಹೈಕೋರ್ಟ್ ಬಿಗಿ ಹಿಡಿದ ಮೇಲೆ ಬಿಬಿಎಂಪಿ ಫ್ಲೆಕ್ಸ್‌ಗಳನ್ನೂ ಕಿತ್ತುಹಾಕಿತು. ಅಲ್ಲಿಂದಾಚೆಗೆ ನಾಯಕರ ಹುಟ್ಟುಹಬ್ಬದ ಶುಭಾಶಯವೂ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೊರಟುಹೋಯಿತು. (ಫ್ಲೆಕ್ಸ್ ಇಂದಿಗೂ ಏಳುತ್ತಲೇ ಇವೆ ಎಂದು ಯಾರಾದರೂ ಹೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ.)

ಲೆಕ್ಕಪತ್ರದವರು ಹೇಳಿದ ಹೆಸರಿನ ಮಾತಿಗೆ ನನ್ನದೂ ಒಂದು ಸೇರ್ಪಡೆಯಿದೆ. ಲೋಕಸಭೆ, ವಿಧಾನಸಭೆ ಚುನಾವಣೆಗಳ ಕಾಲದಲ್ಲಿ ನಾನು ಒಂದು ಕರಪತ್ರ ಅಚ್ಚುಹಾಕಬೇಕಾದರೆ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಅದರ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕ ತಾನು ಇಂಥವನು ಎಂದು ಸಹಿ ಮಾಡಿದ ಘೋಷಣೆ ಕೊಡಬೇಕು, ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಅದಕ್ಕೆ ರುಜು ಹಾಕಬೇಕು, ಪ್ರತಿಯನ್ನು ನಾನು ಅಧಿಕಾರಿಗಳಿಗೆ ಕಳುಹಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಕರಪತ್ರದ ಚಿತ್ರ ಮೊಬೈಲಿನಲ್ಲಿ ಲಕ್ಷ ಜನರನ್ನು ತಲುಪಿದರೂ ಅದನ್ನು ಬರೆದವರಾರು, ಹಣ ಕೊಟ್ಟವರಾರು ಎಂಬ ಒಂದು ಸಾಲೂ ಅದರ ಕೆಳಗೆ ಇರುವುದಿಲ್ಲ. ಎದುರಾಳಿಯ ಬಗ್ಗೆ ಕೆಟ್ಟದಾಗಿ ಬರೆಯಬೇಕೆನ್ನುವವರು ಇನ್ನು ನನ್ನ ಅಂಗಡಿಗೆ ಏಕೆ ಬರುತ್ತಾರೆ?

ಬೂತ್ ಸಂಯೋಜಕಿ

ಮುದ್ರಕರ ಮಾತನ್ನು ನಾನು ಬೇರೆ ಬದಿಯಿಂದ ಬಲ್ಲೆ. ಎರಡು ವಿಧಾನಸಭಾ ಚುನಾವಣೆಗಳಲ್ಲಿ ಪಕ್ಷವೊಂದರ ಪರವಾಗಿ ವಾಟ್ಸ್‌ಆ್ಯಪ್ ಗುಂಪುಗಳನ್ನು ನೋಡಿಕೊಂಡವಳು ನಾನು. ಯಾವ ಪಕ್ಷವೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಕೆಲಸದ ರೀತಿ ಎಲ್ಲರದೂ ಒಂದೇ. 2018ರ ಕರ್ನಾಟಕ ಚುನಾವಣೆಯನ್ನು ವಿದೇಶಿ ಪತ್ರಿಕೆಗಳೂ ವಾಟ್ಸ್‌ಆ್ಯಪ್ ಚುನಾವಣೆ ಎಂದೇ ಕರೆದವು. ಆಗ ಒಂದು ಗುಂಪಿಗೆ 256 ಜನರ ಮಿತಿ. ಹೊರಗಿನವರು ತಿಳಿದಿರುವಂತೆ ಇದು ಗಾಳಿಯಲ್ಲಿ ಸುದ್ದಿ ತೂರುವ ಕೆಲಸವಲ್ಲ. ಮತಗಟ್ಟೆಯ ಮತದಾರರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ ಮೊಬೈಲ್ ಸಂಖ್ಯೆ ಕೇಳಬೇಕು, ಗುಂಪಿಗೆ ಸೇರಿಸಲು ಒಪ್ಪಿಸಬೇಕು, ಸೇರಿದವರು ಬೇಸತ್ತು ಹೊರನಡೆಯದಂತೆ ನೀರು ಬರುವ ಸಮಯ, ವಿದ್ಯುತ್ ಕಡಿತದ ಮಾಹಿತಿ, ಗಣೇಶನ ಉತ್ಸವದ ಚಿತ್ರ ಹೀಗೆ ಏನಾದರೂ ಹಾಕುತ್ತಲೇ ಇರಬೇಕು. ರಾಜಕೀಯದ ಸಂದೇಶ ಹತ್ತರಲ್ಲಿ ಒಂದು. ಅದೂ ಮೇಲಿನಿಂದ ಸಿದ್ಧವಾಗಿ ಬರುತ್ತದೆ, ನಾವು ಅದನ್ನು ನಮ್ಮ ಬೀದಿಯ ಮಾತಿಗೆ ತಿರುಗಿಸಿ ಹಾಕುತ್ತೇವೆ.

2018ರ ಜುಲೈನಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿ ಬಂತು. ಸುಳ್ಳು ಸುದ್ದಿ ತಡೆಯುವುದಕ್ಕೆಂದು ತಂದ ಆ ಮಿತಿಯಿಂದ ಹೆಚ್ಚು ತೊಂದರೆಯಾದದ್ದು ಕೈಯಲ್ಲಿ ಕಾರ್ಯಕರ್ತರಿಲ್ಲದ ಪಕ್ಷೇತರರಿಗೆ ಎಂಬುದು ನನ್ನ ಅಭಿಪ್ರಾಯ. ಸಾವಿರ ಕಾರ್ಯಕರ್ತರಿರುವ ಪಕ್ಷಕ್ಕೆ ಐದೈದೇ ಕಳುಹಿಸಿದರೂ ಊರು ತುಂಬುತ್ತದೆ.

ಖರ್ಚಿನ ಲೆಕ್ಕ ಇಲ್ಲೇ ಜಾರುತ್ತದೆ. 2013ರ ಅಕ್ಟೋಬರ್‌ನಲ್ಲಿಯೇ ಚುನಾವಣಾ ಆಯೋಗ ಸ್ಪಷ್ಟವಾಗಿ ಹೇಳಿದೆ: ಅಭ್ಯರ್ಥಿ ತನ್ನ ಸಾಮಾಜಿಕ ಮಾಧ್ಯಮ ಖಾತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕು, ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕು, ಬರಹ ಮತ್ತು ವಿಡಿಯೊ ತಯಾರಿಸುವವರ ಸಂಬಳವನ್ನೂ ಖರ್ಚಿನಲ್ಲಿ ತೋರಿಸಬೇಕು. ಆದರೆ ಹೆಸರೇ ಇಲ್ಲದ ಅಭಿಮಾನಿಗಳ ಪುಟವೊಂದು ಹೊಗಳುತ್ತಿದ್ದರೆ ಅದು ಯಾರ ಖಾತೆಗೆ? ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಅವನ ಪರವಾಗಿ ಖರ್ಚು ಮಾಡುವುದು ಅಪರಾಧವೆಂಬ ಕಲಂ ಇದೆ, ಅದಕ್ಕಿದ್ದ ದಂಡ 500 ರೂಪಾಯಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 10,000ವರೆಗೆ ಏರಿದೆ. ಪುಟದ ಹಿಂದಿರುವವರು ಯಾರೆಂದೇ ಗೊತ್ತಿಲ್ಲದಿದ್ದಾಗ ದಂಡ ಎಷ್ಟಿದ್ದರೇನು?

ಯಶವಂತಪುರ ಲೋಕೇಶ

ಮೇಡಂ, ತಾವು ಮನೆಮನೆಗೆ ಹೋಗಿ ಸಂಖ್ಯೆ ಕೇಳುತ್ತಿದ್ದಿರಿ ಎಂದಿರಿ. ಕೊಟ್ಟವರಿಗೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿದಿರುತ್ತಿತ್ತೇ? 2022ರ ನವೆಂಬರ್‌ನಲ್ಲಿ ಇದೇ ನಗರದಲ್ಲಿ ಏನಾಯಿತೆಂಬುದನ್ನು ನಾವು ಮರೆತಿಲ್ಲ. ಮತದಾರರ ಜಾಗೃತಿಗೆಂದು ಬಿಬಿಎಂಪಿಯಿಂದ ಅನುಮತಿ ಪಡೆದ ಖಾಸಗಿ ಸಂಸ್ಥೆಯೊಂದರ ಸಿಬ್ಬಂದಿ, ಮತಗಟ್ಟೆ ಅಧಿಕಾರಿಗಳೆಂಬ ಗುರುತಿನಲ್ಲಿ ಮನೆಗಳಿಗೆ ಹೋಗಿ ಮತದಾರರ ವೈಯಕ್ತಿಕ ವಿವರ ಸಂಗ್ರಹಿಸಿದ ಆರೋಪ ಕೇಳಿಬಂತು. ಅನುಮತಿ ರದ್ದಾಯಿತು, ಅಧಿಕಾರಿಗಳು ಅಮಾನತಾದರು, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮರುಪರಿಶೀಲಿಸಬೇಕಾಯಿತು.

ಬೂತ್ ಸಂಯೋಜಕಿ

ತಾವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಗುಂಪಿಗೆ ಸೇರಿಸುತ್ತೇವೆ ಎಂದು ಹೇಳುತ್ತಿದ್ದೆವು. ಆ ಸಂಖ್ಯೆ ಮುಂದಿನ ಚುನಾವಣೆಗೂ ಉಳಿಯುತ್ತದೆ ಎಂದು ಹೇಳುತ್ತಿರಲಿಲ್ಲ. ಅಮೆರಿಕದ ಹದಿಮೂರು ಲಕ್ಷ ಇಮೇಲ್‌ಗಳ ಪಟ್ಟಿ ಕಟ್ಟಿದವರೂ ಅದನ್ನು ಒಂದೇ ಚುನಾವಣೆಗೆ ಕಟ್ಟಿರಲಾರರು.

ಬನಶಂಕರಿ ಮೂರನೇ ಹಂತ

ಹದಿಮೂರು ಲಕ್ಷವಲ್ಲ, 1.3 ಕೋಟಿ, ಲೆಕ್ಕಪತ್ರದವರು ಇರುವ ಕಡೆ ಅಂಕಿ ತಪ್ಪಬಾರದು! ಆದರೆ ತಮ್ಮ ಮಾತು ಸರಿ. ಪಟ್ಟಿ ಕೈಯಲ್ಲಿದ್ದರೆ ಅದನ್ನು ಹಿಂಡುವ ಆಸೆಯೂ ಹುಟ್ಟುತ್ತದೆ. ಅಲ್ಲಿ ಇಂದು ಬೆಂಬಲಿಗರಿಗೆ ದಿನಕ್ಕೆ ಹಲವು ಸಂದೇಶಗಳು ಬರುತ್ತವೆ, ಪ್ರತಿಯೊಂದರಲ್ಲೂ ಈ ರಾತ್ರಿಯೇ ಎಲ್ಲವೂ ಮುಳುಗಿಹೋಗುತ್ತದೆಂಬ ಧಾಟಿ. 2020ರ ಚುನಾವಣೆಯ ಹೊತ್ತಿಗೆ, ಒಮ್ಮೆ ಕೊಟ್ಟವರಿಂದ ಮತ್ತೆ ಮತ್ತೆ ಹಣ ಕಡಿತವಾಗಲು ಒಪ್ಪಿಗೆಯಿದೆ ಎಂಬ ಚೌಕಕ್ಕೆ ಮೊದಲೇ ಗುರುತು ಹಾಕಿಟ್ಟಿದ್ದ ಪುಟಗಳಿಂದ ವಯಸ್ಸಾದ ಅನೇಕರು ತಮಗರಿವಿಲ್ಲದೆ ಹಣ ಕಳೆದುಕೊಂಡು, ಕೊನೆಗೆ ಕೋಟ್ಯಂತರ ಡಾಲರ್ ಹಿಂದಿರುಗಿಸಬೇಕಾಯಿತು.

ಹಳೇ ಕಾರ್ಯಕರ್ತ

ಅಂಥ ಚೇಷ್ಟೆ ಇಲ್ಲಿಯೂ ಆಗಿದೆ. 2023ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ತನ್ನ 138 ವರ್ಷಗಳ ನೆನಪಿಗೆ 138 ರೂಪಾಯಿಯ ಗುಣಕಗಳಲ್ಲಿ ದೇಣಿಗೆ ಕೇಳಿದಾಗ, ಆ ಅಭಿಯಾನದ ಹೆಸರಿನಲ್ಲಿಯೇ ಬೇರೆಯವರು ಮೊದಲೇ ಕಾದಿರಿಸಿದ್ದ ಜಾಲತಾಣದ ವಿಳಾಸವೊಂದು ಕೊಡಬಂದವರನ್ನು ಬಿಜೆಪಿಯ ದೇಣಿಗೆ ಪುಟಕ್ಕೆ ಕರೆದೊಯ್ಯುತ್ತಿತ್ತು. ಬಿಜೆಪಿಯೂ 2021ರ ಡಿಸೆಂಬರ್‌ನಲ್ಲಿ ನಮೋ ಆ್ಯಪ್ ಮೂಲಕ 5 ರೂಪಾಯಿಯಿಂದ 1,000 ರೂಪಾಯಿವರೆಗೆ ಕಿರು ದೇಣಿಗೆ ಕೇಳಿತ್ತು. 5 ರೂಪಾಯಿ ಕೇಳುವ ಉದ್ದೇಶ 5 ರೂಪಾಯಿಯಲ್ಲ, ಕೊಟ್ಟವರ ಸಂಖ್ಯೆ ಮತ್ತು ಮನಸ್ಸು ಎಂಬುದು ನನ್ನಂಥವರಿಗೆ ತಿಳಿಯದ ವಿಷಯವೇನಲ್ಲ. ಕ್ಯೂಆರ್ ಕೋಡ್ ಬೇರೆ ಕೆಲಸಕ್ಕೂ ಬಂತು: 2022ರ ಸೆಪ್ಟೆಂಬರ್‌ನಲ್ಲಿ ನಗರದ ಗೋಡೆಗಳ ಮೇಲೆ ಎದ್ದ, ಆಗಿನ ಮುಖ್ಯಮಂತ್ರಿಯನ್ನು ಗುರಿಯಾಗಿಸಿದ ಪೇಸಿಎಂ ಭಿತ್ತಿಪತ್ರಗಳು ಹಣ ಕೇಳಲಿಲ್ಲ, ಸ್ಕ್ಯಾನ್ ಮಾಡಿದವರನ್ನು ಶೇ 40 ಕಮಿಷನ್ ಆರೋಪದ ಜಾಲತಾಣಕ್ಕೆ ಕಳುಹಿಸಿದವು. ಸರಿ ತಪ್ಪು ಬದಿಗಿರಲಿ, ಕಾಗದವನ್ನೂ ಮೊಬೈಲನ್ನೂ ಅಷ್ಟು ಚುರುಕಾಗಿ ಜೋಡಿಸಿದ ಪ್ರಚಾರವನ್ನು ನಾನು ಬೆಂಗಳೂರಿನಲ್ಲಿ ಕಂಡಿರಲಿಲ್ಲ.

ವ್ಯಕ್ತಿಯ ಮಟ್ಟದಲ್ಲಿ ಹಣ ಬಂದದ್ದೂ ಉಂಟು. 2019ರಲ್ಲಿ ಬಿಹಾರದ ಬೇಗುಸರಾಯ್ ಲೋಕಸಭಾ ಕ್ಷೇತ್ರದಲ್ಲಿ ಸಿಪಿಐ ಅಭ್ಯರ್ಥಿ ಕನ್ಹಯ್ಯ ಕುಮಾರ್ ಆಗಿನ ಖರ್ಚಿನ ಮಿತಿಯಾದ 70 ಲಕ್ಷವನ್ನು ಪೂರ್ತಿಯಾಗಿ ಅಂತರ್ಜಾಲದ ದೇಣಿಗೆಯಿಂದಲೇ ಎತ್ತಿದರು. ನಾಲ್ಕು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಕೊಟ್ಟವರೆಲ್ಲ ಬೇಗುಸರಾಯ್‌ನ ಮತದಾರರಾಗಿರಲಿಲ್ಲವಲ್ಲ.

ಬೂತ್ ಸಂಯೋಜಕಿ

ಹನುಮಂತನಗರದವರು ಯೋಚಿಸಬೇಕಾದದ್ದು ಇದನ್ನೇ. ವಾರ್ಡಿನ ಹೊರಗಿನ ಸಾವಿರ ಜನರ ದೇಣಿಗೆಗಿಂತ ವಾರ್ಡಿನೊಳಗಿನ ನೂರು ಮನೆಗಳ ಐವತ್ತು ರೂಪಾಯಿ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಆ ನೂರು ಮನೆಯವರು ಮತದಾನದ ದಿನ ಎದ್ದು ಬರುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಸರಾಸರಿ ಮತದಾನ ಶೇ 70ರ ಆಸುಪಾಸಿನಲ್ಲಿದ್ದಾಗ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳು ಶೇ 54ರ ಆಚೀಚೆ ನಿಂತವು. ದೇಶದಲ್ಲೇ ಹೆಚ್ಚು ಹೊತ್ತು ಪರದೆಯ ಮುಂದೆ ಕೂರುವ ಊರು ನಮ್ಮದಿರಬಹುದು. ಗುಂಪಿನಲ್ಲಿ ಹೆಬ್ಬೆರಳು ಎತ್ತಿದವರೆಲ್ಲ ಮತಗಟ್ಟೆಗೆ ಬರುತ್ತಾರೆಂದು ಲೆಕ್ಕ ಹಾಕಿದರೆ ಠೇವಣಿ ಹೋಗುತ್ತದೆ.

ಹನುಮಂತನಗರ ನಿವಾಸಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ಸಂಘದ ಸಭೆಯಲ್ಲಿ ಓದಿದೆವು. ದೇಣಿಗೆಯನ್ನು ನಮ್ಮ ವಾರ್ಡಿನ ಮನೆಗಳಿಂದಲೇ ಕೇಳುವುದು, ಒಬ್ಬರಿಂದ 500 ರೂಪಾಯಿಗಿಂತ ಹೆಚ್ಚು ಪಡೆಯದಿರುವುದು, ಕೊಡುವವರ ಒಪ್ಪಿಗೆ ಪಡೆದು ಹೆಸರು ಮತ್ತು ಮೊತ್ತವನ್ನು ಪ್ರತಿ ವಾರ ಪ್ರಕಟಿಸುವುದು, ವಾಟ್ಸ್‌ಆ್ಯಪ್‌ನಲ್ಲಿ ಹೋಗುವ ಪ್ರತಿ ಚಿತ್ರದ ಕೆಳಗೂ ಕರಪತ್ರದಲ್ಲಿರುವಂತೆ ಪ್ರಕಾಶಕರ ಹೆಸರು ಹಾಕುವುದು ಎಂದು ಮಾತಾಗಿದೆ. ಕಿರಿಯರಿಗೆ 500ರ ಮಿತಿ ಇನ್ನೂ ಒಪ್ಪಿಗೆಯಾಗಿಲ್ಲ. ಲೆಕ್ಕಪತ್ರದವರಲ್ಲಿ ಎರಡು ಪ್ರಶ್ನೆ: ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ? ನಮ್ಮ ಬೀದಿಯ ಎಷ್ಟೋ ಮನೆಗಳ ಮಕ್ಕಳು ವಿದೇಶದಲ್ಲಿದ್ದಾರೆ, ಅವರಿಂದ ಪಡೆಯಬಹುದೇ?

ಲೆಕ್ಕಪತ್ರ

ಮೊದಲನೆಯದಕ್ಕೆ ಉತ್ತರ ಇಲ್ಲ ಎಂದೇ. ಆ ವಿನಾಯಿತಿ ನೋಂದಾಯಿತ ಪಕ್ಷಕ್ಕೋ ಪಕ್ಷಗಳಿಗೆ ದೇಣಿಗೆ ಹಂಚುವ ಎಲೆಕ್ಟೋರಲ್ ಟ್ರಸ್ಟಿಗೋ ಕೊಟ್ಟ, ಅದೂ ನಗದಲ್ಲದ ದೇಣಿಗೆಗೆ ಮಾತ್ರ. ಪಕ್ಷೇತರ ಅಭ್ಯರ್ಥಿಗೆ ಕೊಟ್ಟದ್ದಕ್ಕೆ ಅನ್ವಯಿಸುವುದಿಲ್ಲ. ಅದಕ್ಕಿಂತ ಮುಖ್ಯವಾದ ಎಚ್ಚರಿಕೆ ಬೇರೆಯಿದೆ. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಹಣ ಒಬ್ಬ ವ್ಯಕ್ತಿಯ ಖಾತೆಗೆ ಬಂದರೆ ಅದು ಅವರ ಆದಾಯವೇ ಎಂಬ ಪ್ರಶ್ನೆ ಏಳುತ್ತದೆ, ಆದ್ದರಿಂದ ಅಭ್ಯರ್ಥಿಯ ಸಂಬಳದ ಖಾತೆಯ ಕ್ಯೂಆರ್ ಕೋಡ್ ಹಾಕುವ ಯೋಚನೆಯನ್ನು ಇಂದೇ ಬಿಡಿ. ಬೇರೆ ಖಾತೆ ತೆರೆದು, ಮೊದಲ ರೂಪಾಯಿ ಬರುವ ಮುನ್ನವೇ ನಿಮ್ಮ ಲೆಕ್ಕಪರಿಶೋಧಕರೊಡನೆ ಕುಳಿತು ಮಾತನಾಡಿ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗವಾದ್ದರಿಂದ ಖರ್ಚಿನ ಮಿತಿ ಮತ್ತು ಲೆಕ್ಕ ಸಲ್ಲಿಸುವ ನಮೂನೆಯನ್ನು ಅಲ್ಲಿಂದಲೇ ಪಡೆಯಿರಿ, ನಾನು ಮೇಲೆ ಹೇಳಿದ 40 ಲಕ್ಷ, 95 ಲಕ್ಷದ ಅಂಕಿಗಳು ನಿಮಗೆ ಸಂಬಂಧಿಸಿದವಲ್ಲ.

ಎರಡನೆಯದು ಪಾಸ್‌ಪೋರ್ಟಿನ ಮೇಲೆ ನಿಂತಿದೆ. ಭಾರತದ ಪೌರತ್ವ ಉಳಿಸಿಕೊಂಡು ಹೊರಗೆ ದುಡಿಯುತ್ತಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಇಲ್ಲಿಯೇ ಹುಟ್ಟಿ ಬೆಳೆದವರಾದರೂ, ವಿದೇಶಿ ಮೂಲವೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅಭ್ಯರ್ಥಿಗಳು ಅಂಥವರಿಂದ ಪಡೆಯುವುದನ್ನು ನಿಷೇಧಿಸುತ್ತದೆ, ಮತ್ತು ಆ ಕಾಯ್ದೆಯ ವ್ಯಾಖ್ಯೆಯಲ್ಲಿ ನಗರ ಸ್ಥಳೀಯ ಸಂಸ್ಥೆಗಳೂ ಪಂಚಾಯಿತಿಗಳೂ ಸೇರಿವೆ. ಗುಂಪಿನಲ್ಲಿ ತೂಗುಹಾಕಿದ ಕ್ಯೂಆರ್ ಕೋಡ್ ಯಾರ ಪೌರತ್ವವನ್ನೂ ಕೇಳುವುದಿಲ್ಲ. ಆದ್ದರಿಂದ ಮೊದಲು ಹೆಸರು, ವಿಳಾಸ, ಪೌರತ್ವ ತುಂಬಿಸಿಕೊಳ್ಳುವ ಒಂದು ಅರ್ಜಿ ಮಾಡಿ, ಅದು ಸರಿಯಿದೆಯೆಂದು ಸಂಘದವರೊಬ್ಬರು ನೋಡಿದ ಮೇಲೆ ಮಾತ್ರ ಖಾತೆಯ ವಿವರ ಕಳುಹಿಸಿ.